ತವರಿನ ಜೋಳ

ಈಗ ಬಳೆಗಳು ರಟ್ಟಿನ ಡಬ್ಬಿಯಲ್ಲಿ ಬರುತ್ತವೆ. ಡಬ್ಬಿ ತೆರೆದರೆ ಗೋಂದಿನ ವಾಸನೆ, ಅಷ್ಟೇ. ಶಹಾಪುರದ ಬಜಾರಿನ ನನ್ನ ಅಂಗಡಿಗೆ ಹೋದ ನಾಗರಪಂಚಮಿಯ ಹೊತ್ತಿಗೆ ಹೈದರಾಬಾದಿನಿಂದ ಬಂದ ಮಾಲಿನಲ್ಲಿ ಮಾತ್ರ ಹೇಗೋ ಒಂದು ಹಳೆಯ ಬಗೆಯ ಮರದ ಪೆಟ್ಟಿಗೆ ಸೇರಿಕೊಂಡಿತ್ತು. ಮೊಳೆ ಕಿತ್ತು ಮುಚ್ಚಳ ಎತ್ತಿದೆ. ಒಳಗೆ ಹುಲ್ಲು, ಹುಲ್ಲಿನ ನಡುವೆ ಹಸಿರು ಗಾಜಿನ ಬಳೆ. ಆ ಒಣಹುಲ್ಲಿನ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಂಗಡಿಯಲ್ಲಿರಲಿಲ್ಲ. ಇಪ್ಪತ್ತು ವರ್ಷದ ಆಚೆಯ ಒಂದು ಮಾಘದಲ್ಲಿದ್ದೆ. ಧಣಿಗಳ ವಾಡೆಯ ಹಿತ್ತಲ ಪಡಸಾಲೆಯಲ್ಲಿ ನನ್ನ ತಾಯಿ ಅಮ್ಮಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದೆ, ಭೀಮವ್ವ ನೀರಿನ ಕೊಡ ಹೊತ್ತು ಒಳಗೆ ಬರುತ್ತಿದ್ದಳು.

ನಾವು ಬಳೆಗಾರರು. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ, ಜಗಳಕ್ಕೆ ಬಿದ್ದರೆ ಎರಡೂ. ಅಮ್ಮಿ ಬುಟ್ಟಿ ಹೊತ್ತು ದೋರನಹಳ್ಳಿ ಕಡೆಯ ಹಳ್ಳಿಗಳನ್ನೂ, ಸುರಪುರದಾಚೆ ದೇವಾಪುರದ ದಿಕ್ಕಿನ ಹಳ್ಳಿಗಳನ್ನೂ ತಿರುಗುತ್ತಿದ್ದಳು. ನಾನು ಹತ್ತನೆಯ ತರಗತಿ ಮುಗಿಸಿ, ಮುಂದೆ ಓದುವ ಆಸೆಯನ್ನು ಬುಟ್ಟಿಯ ಅಡಿಗೆ ಹಾಕಿ, ಅವಳ ಹಿಂದೆ ನಡೆದೆ. ನಮ್ಮ ಕಸುಬಿನಲ್ಲಿ ಒಂದು ಸುಖವಿದೆ. ಯಾವ ಓಣಿಗೆ ಹೋದರೂ ನಿಮ್ಮ ಜಾತಿ ಯಾವುದೆಂದು ಕೇಳದೆ ಹೆಂಗಸರು ಕೈ ಚಾಚುತ್ತಾರೆ. ಕೈ ಕೊಟ್ಟ ಹೆಂಗಸು ಸುಮ್ಮನೆ ಕೂರುವುದಿಲ್ಲ, ಹೊಟ್ಟೆಯಲ್ಲಿದ್ದುದನ್ನೂ ಹೇಳಿಬಿಡುತ್ತಾಳೆ.

ಆಗ ನಮ್ಮ ಕಡೆ ಒಂದು ರಿವಾಜಿತ್ತು. ಪಂಚಮಿಗೆ ತವರಿಗೆ ಬರಲಾಗದ ಮಗಳಿದ್ದರೆ ಅವಳ ತಾಯಿ ಬಳೆಗಾರ್ತಿಗೆ ಒಂದು ಸೇರು ಜೋಳ ಅಳೆದು ಕೊಟ್ಟು, "ನಮ್ಮ ಹುಡುಗಿಗೆ ಬಳಿ ಇಟ್ಟು ಬಾ" ಎನ್ನುತ್ತಿದ್ದಳು. ಬಳೆಗಾರ್ತಿ ಆ ಊರಿಗೆ ಹೋಗಿ, ಮಗಳ ಕೈ ಹಿಡಿದು, "ತವರಿನ ಬಳಿ ಬಂದಾವ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿ ಇಡಬೇಕು. ಅದಕ್ಕೆ ರೊಕ್ಕ ಮುಟ್ಟುವ ಹಾಗಿಲ್ಲ. ಜೋಳವೇ ಆಗಬೇಕು, ತವರಿನವರ ಹೊಲದ್ದೇ ಆಗಬೇಕು. ಆ ಬಳೆ ಇಟ್ಟುಕೊಂಡ ಹೆಂಗಸು ಅವತ್ತೊಂದು ದಿನ ಅತ್ತೆಗೂ ಹೆದರುತ್ತಿರಲಿಲ್ಲ.

ಭೀಮವ್ವನ ತವರು ದೇವಾಪುರದ ದಿಕ್ಕಿನ ಒಂದು ಸಣ್ಣ ಹಳ್ಳಿ. ಅವಳು ಇದ್ದದ್ದು ಶಹಾಪುರದ ಈಚೆ, ಒಂದು ವಾಡೆಯಲ್ಲಿ. ಎರಡೂ ಊರಿನ ಹೆಸರು ಬರೆಯುವುದಿಲ್ಲ. ವಾಡೆಯ ಮಂದಿ ಇನ್ನೂ ನನ್ನ ಅಂಗಡಿಗೆ ಬರುತ್ತಾರೆ, ನನಗೂ ಹೊಟ್ಟೆ ಇದೆ.

ಆ ವಾಡೆಗೆ ಅವಳು ಸೊಸೆಯಾಗಿ ಬಂದವಳಲ್ಲ, ಬಳುವಳಿಯಾಗಿ ಬಂದವಳು. ಮಗಳನ್ನು ಅತ್ತೆಮನೆಗೆ ಕಳಿಸುವಾಗ ತವರಿನವರು ಹಂಡೆ, ಕೊಪ್ಪರಿಗೆ, ಮಂಚ ಕೊಡುತ್ತಾರಲ್ಲ, ದೊಡ್ಡ ಮನೆತನದವರು ಅವುಗಳ ಜೊತೆಗೆ ಒಂದು ಹುಡುಗಿಯನ್ನೂ ಕೊಡುತ್ತಿದ್ದರು. ತಮ್ಮ ಹೊಲ ಮಾಡಿಕೊಂಡಿದ್ದ ಬಡವರ ಮನೆಯ, ಹಾಲುಹಲ್ಲು ಬೀಳುವ ವಯಸ್ಸಿನ ಹುಡುಗಿ. ಮದುಮಗಳ ಕಾಲೊತ್ತಬೇಕು, ಆಮೇಲೆ ಅವಳ ಬಾಣಂತನ ಮಾಡಬೇಕು, ಆಮೇಲೆ ಅವಳ ಹೆಣ್ಣುಮಕ್ಕಳ ಬಾಣಂತನ ಮಾಡಬೇಕು. ಕೂಲಿ ಇಲ್ಲ, ಮದುವೆ ಇಲ್ಲ, ತಿರುಗಿ ಹೋಗುವುದೂ ಇಲ್ಲ. ಭೀಮವ್ವ ಹೀಗೆ ವಾಡೆಯ ಯಜಮಾನತಿಯ ಜೊತೆ ಬಂದು, ಅವರ ಮಂಚದ ಕಾಲ್ದೆಸೆಗೆ ಚಾಪೆ ಹಾಸಿ ಮಲಗುತ್ತಲೇ ಮುದುಕಿಯಾದಳು. ಯಜಮಾನತಿಯನ್ನು ಊರೆಲ್ಲ 'ಅವ್ವಾರು' ಎನ್ನುತ್ತಿತ್ತು. ಭೀಮವ್ವನನ್ನು ಊರೆಲ್ಲ 'ಭೀಮಿ' ಎನ್ನುತ್ತಿತ್ತು. ಜೀತ ಎಂದು ಯಾರಾದರೂ ಬಾಯಿಬಿಟ್ಟರೆ ವಾಡೆಯವರಿಗೆ ಸಿಟ್ಟು ಬರುತ್ತಿತ್ತು. "ಜೀತ ಎಲ್ಲೀದು? ಮನಿ ಮಗಳಿದ್ದಂಗ ಅದಾಳ" ಎನ್ನುತ್ತಿದ್ದರು. ಅವ್ವಾರು ಕೆಟ್ಟವರಲ್ಲ. ಒಂದು ದಿನವೂ ಕೈ ಎತ್ತಿದವರಲ್ಲ. ತಾವು ಉಟ್ಟು ಬಿಟ್ಟ ಸೀರೆ ಕೊಡುತ್ತಿದ್ದರು, ಅವರ ಹಳೆಯ ಸೀರೆ ಎಂದರೆ ನಮ್ಮ ಹೊಸ ಸೀರೆಗಿಂತ ಚಲೋ ಇರುತ್ತಿತ್ತು.

ಭೀಮವ್ವನ ತಾಯಿ ಇರುವ ತನಕ ಪ್ರತಿ ಪಂಚಮಿಗೂ ಅಮ್ಮಿಯ ಕೈಗೆ ಜೋಳ ಬರುತ್ತಿತ್ತು. ವಾಡೆಯ ಹಿತ್ತಲಲ್ಲಿ ಭೀಮವ್ವನ ಕೈ ಹಿಡಿದು ಅಮ್ಮಿ ಹಸಿರು ಬಳೆ ಇಡುತ್ತಿದ್ದಳು. ತಾಯಿ ಸತ್ತಾಗ ಪಂಚಮಿ ಹತ್ತಿರವಿತ್ತು. ಸುದ್ದಿ ವಾಡೆಗೆ ಮುಟ್ಟಿತು, ಭೀಮವ್ವನಿಗೆ ಮುಟ್ಟಲಿಲ್ಲ. ಹಬ್ಬದ ಮನೆಯಲ್ಲಿ ಅಳು ಬೇಡ ಎಂದು ಅವ್ವಾರು ಬಾಯಿ ಮುಚ್ಚಿಕೊಂಡರು. ಅವಳು ಉಂಡಿ ಕಟ್ಟಿದಳು, ಅವ್ವಾರ ಮೊಮ್ಮಕ್ಕಳಿಗೆ ಜೋಕಾಲಿ ತೂಗಿದಳು, ಹಾಡೂ ಹೇಳಿದಳು. ಹಬ್ಬ ಮುಗಿದು ಪಾತ್ರೆ ತೊಳೆಯುವಾಗ ಹೇಳಿದರಂತೆ, "ಭೀಮಿ, ನಿಮ್ಮವ್ವ ಹೋಗ್ಯಾಳ ನೋಡ" ಎಂದು. ಆಮೇಲೆ ತಮ್ಮನ ಮನೆಯಿಂದ ಜೋಳ ಬರಲಿಲ್ಲ. ತಮ್ಮನೂ ಸತ್ತ. ಅವನ ಮಗ ದೊಡ್ಡವನಾದ, ಅತ್ತೆ ಎಂಬುವಳಿಗೆ ಬಳೆ ಇಡಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವಳ ಕೈಗೆ ಉಳಿದದ್ದು ವಾಡೆಯವರು ಇಡಿಸಿದ ಬಣ್ಣವಿಲ್ಲದ ಬಳೆ. ಪಂಚಮಿ ಬಂತೆಂದರೆ ಅಮ್ಮಿಯ ಹತ್ತಿರ ಬಂದು ಮೆಲ್ಲಗೆ, "ಜ್ವಾಳ ಬಂದಾವೇನ ತಾಯಿ?" ಎಂದು ಕೇಳುತ್ತಿದ್ದಳು. ಇಷ್ಟೇ ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು.

ಆ ಮಾಘದಲ್ಲಿ ಅವ್ವಾರ ಮೊಮ್ಮಗಳ ಲಗ್ನ. ತೊಗರಿ ಕೊಯ್ದು ರಾಶಿ ಮಾಡುವ ಕಾಲ. ಊರ ಮೇಲೆ ಹೊಟ್ಟಿನ ಧೂಳು ಹೊಗೆಯ ಹಾಗೆ ನಿಂತಿರುತ್ತಿತ್ತು. ಬೆಳಗಿನ ಚಳಿಗೆ ತೊಗರಿಕಟ್ಟಿಗೆಯ ಬೆಂಕಿ ಕಾಯಿಸುತ್ತ ಕೂತವರೆಲ್ಲ ಲಗ್ನದ ಮಾತೇ ಆಡುತ್ತಿದ್ದರು. ಗಂಡಿನ ಕಡೆಯವರು ಯಾದಗಿರಿಯವರು, ಓದಿದವರು, ನೌಕರಿಯವರು. ಹೊಲದಲ್ಲಿ ಬಿಳಿಜೋಳ ಹಾಲುಗಟ್ಟಿತ್ತು. ನಾವು ನಸುಕಿನಲ್ಲೇ ಬುಟ್ಟಿ ಹೊತ್ತು ಜೋಳದ ನಡುವಿನ ದಾರಿಯಲ್ಲಿ ನಡೆದು ಹೋದೆವು. ಕಾಲಿಗೆ ಇಬ್ಬನಿ ಹತ್ತಿ ನನ್ನ ಸಲ್ವಾರು ಮೊಣಕಾಲಿನ ತನಕ ಒದ್ದೆಯಾಗಿತ್ತು.

ಹಿತ್ತಲ ಪಡಸಾಲೆಯಲ್ಲಿ ಬಳೆ ಇಡುವ ಶಾಸ್ತ್ರ. ಮೊದಲು ಮದುಮಗಳು, ಆಮೇಲೆ ಮನೆಯ ಹೆಣ್ಣುಮಕ್ಕಳು, ಆಮೇಲೆ ಬೀಗತಿಯರು. ಮದುಮಗಳಿಗೆ ಇಟ್ಟು ಉಳಿದ ಹಸಿರು ಬಳೆಯನ್ನು ಜೊತೆಗೆ ಹೋಗುವ ಹುಡುಗಿಗೆ ಇಡುವುದು ಆ ವಾಡೆಯ ಪದ್ಧತಿ. ಆ ಬಳೆ ಕೈಗೇರಿತೆಂದರೆ ಹುಡುಗಿ ಮದುಮಗಳ ಪಾಲು. ಇದೆಲ್ಲ ಎಂದೋ ಮುಗಿದುಹೋಗಿದೆ ಎಂದು ನಾನು ತಿಳಿದಿದ್ದೆ. ಎಲ್ಲರದೂ ಮುಗಿದ ಮೇಲೆ ಎಂಟೊಂಬತ್ತು ವರ್ಷದ ಒಂದು ಹುಡುಗಿಯನ್ನು ತಂದು ನನ್ನ ಮುಂದೆ ಕೂರಿಸಿದರು. ಎಣ್ಣೆ ಹಚ್ಚಿ ಬಿಗಿದ ಜಡೆ, ಹೊಸ ಲಂಗ. ಹೆಸರು ಶರಣವ್ವ.

"ನನಗೂ ಅವಾ ಬಳೀನೇನ್ರಿ?" ಎಂದು ಕಣ್ಣರಳಿಸಿ ಕೇಳಿತು. "ನಾ ನಾಳೆ ಜೀಪಿನಾಗ ಹೋಗಾಕಿ. ಯಾದಗಿರಿಗೆ!"

ಅದು ಭೀಮವ್ವನ ತಮ್ಮನ ಮೊಮ್ಮಗಳು. ಹಿಂದಿನ ದಿನ ಹುಡುಗಿಯ ಅಪ್ಪನೇ, ಎಂದರೆ ಭೀಮವ್ವನ ತಮ್ಮನ ಮಗ ಅಳಿಯನೇ, ಕೈ ಹಿಡಿದು ಕರೆತಂದು ಬಿಟ್ಟಿದ್ದ. ಅವ್ವಾರು ತವರಿಗೆ ಹೇಳಿ ಕಳಿಸಿದ್ದರಂತೆ, ಹುಡುಗಿ ಬೇಕು, ಅದೇ ಮನೆಯದಾದರೆ ಒಳ್ಳೆಯದು, ಆ ಮನೆಯ ಮಂದಿ ನಂಬಿಗಸ್ತರು ಎಂದು. ಅಳಿಯ ತನ್ನ ಅತ್ತೆಗೆ ಖುಷಿಯಿಂದಲೇ ಸುದ್ದಿ ಹೇಳಿದ್ದ: "ಅತ್ತಿ, ಇಕಿನೂ ನಿನ್ನಂಗ ಉಂಡುಟ್ಟು ಆರಾಮ ಇರಲಿ ಅಂತ ತಂದೀನಿ."

ನಿನ್ನಂಗ. ಅವನು ಕುಹಕವಾಡಿದ್ದಲ್ಲ, ನಿಜವಾಗಿ ಹಾಗೇ ನಂಬಿದ್ದ. ಎರಡು ಮೂರು ವರ್ಷಕ್ಕೊಮ್ಮೆ ಅವ್ವಾರು ತಮ್ಮ ತವರಿಗೆ ಹೋದಾಗ ಭೀಮವ್ವ ತಟ್ಟೆ ಹೊತ್ತು ಹಿಂದೆ ಹೋಗುತ್ತಿದ್ದಳು. ಯಾವುದಾದರೂ ಮಾತು ಮುಟ್ಟಿಸುವ ನೆಪದಲ್ಲಿ ತಮ್ಮನ ಮನೆಗೆ ಹೋಗಿ, ನೀರು ಕುಡಿಯುವಷ್ಟು ಹೊತ್ತು ನಿಂತು ಬರುತ್ತಿದ್ದಳು. ಮೈಮೇಲೆ ಅವ್ವಾರ ಇಳಕಲ್ ಸೀರೆ, ತಲೆಗೆ ಎಣ್ಣೆ. ಹೆಂಗದೀ ಎಂದರೆ, "ಆರಾಮ ಅದೀನಿ" ಎನ್ನುತ್ತಿದ್ದಳು. ಮನೆಯವರು ಸೀರೆ ನೋಡಿದರು, ಮಾತು ನಂಬಿದರು. ಅವಳನ್ನು ಕೊಟ್ಟುಬಿಟ್ಟೆವಲ್ಲ ಎಂದು ತಾಯಿ ಮರುಗಬಾರದೆಂದು ಅವಳು ಸುಳ್ಳು ಹೇಳಿದ್ದಳು. ಆ ಸುಳ್ಳೇ ಬೆಳೆದು ಇನ್ನೊಂದು ಕೂಸನ್ನು ಕರೆದುಕೊಂಡು ಬಂದಿತ್ತು.

ಅಮ್ಮಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಸುತ್ತ ಬೀಗತಿಯರು ಕೂತಿದ್ದಾರೆ. ನಾನು ಹುಡುಗಿಯ ಕೈ ಹಿಡಿದು ಬಳೆ ಏರಿಸತೊಡಗಿದೆ. ಎರಡು ಏರಿಸಿರಬೇಕು, ಭೀಮವ್ವ ಕೊಡ ಹೊತ್ತು ಬಂದಳು. ಕೊಡ ಇಳಿಸಲಿಲ್ಲ, ಕೈಬಿಟ್ಟಳು. ನೀರು ಪಡಸಾಲೆಯ ತುಂಬ ಹರಿಯಿತು. ಬಂದವಳೇ ಹುಡುಗಿಯ ಮುಂಗೈ ಮೇಲಿದ್ದ ಬಳೆಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಅಮುಕಿದಳು. ಚಟ್ ಚಟ್ ಎಂದು ಒಡೆದವು. ಹುಡುಗಿಯ ಮುಂಗೈಗೆ ಒಂದು ಚೂರು ತಾಗಿತು, ಭೀಮವ್ವನ ಅಂಗೈಯಿಂದ ರಕ್ತ ಸೋರಿತು.

ಲಗ್ನದ ಮನೆಯಲ್ಲಿ ಬಳೆ ಒಡೆಯುವುದೆಂದರೆ! ಹೆಂಗಸರು ಎದೆ ಬಡಿದುಕೊಂಡರು. ಹುಡುಗಿ ನೆಲಕ್ಕೆ ಬಿದ್ದು, "ನನ್ನ ಬಳಿ, ನನ್ನ ಬಳಿ" ಎಂದು ಹೊರಳಾಡಿ ಅತ್ತಿತು. ಅವ್ವಾರು ಬಂದು ನೋಡಿ, ಭೀಮವ್ವನ ಮುಖ ಓದಿ, "ಮುದುಕಿ, ಕೈ ಜಾರ್ಯಾದ, ಬಿಡ್ರಿ. ಬ್ಯಾರೆ ಬಳಿ ಇಡವ್ವ" ಎಂದು ನನಗೆ ಹೇಳಿದರು.

ಆಗ ಅಮ್ಮಿ ಬುಟ್ಟಿಗೆ ಬಟ್ಟೆ ಮುಚ್ಚಿದಳು. "ಒಡದ ಕೈಗೆ ಅದೇ ದಿನ ಮತ್ತ ಬಳಿ ಇಡೂದಿಲ್ರಿ ಅವ್ವಾರ. ನಮ್ಮ ಕಸುಬಿನ ರಿವಾಜು."

ಅಂಥ ರಿವಾಜನ್ನು ನಾನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಬೆರಗಾಗಿ ಬಾಯಿ ತೆರೆದೆ. "ಚುಪ್" ಎಂದು ಅಮ್ಮಿ ನನ್ನ ತೊಡೆ ಹಿಂಡಿದಳು.

ಮರುದಿನ ಅಕ್ಷತೆ ಬಿದ್ದು, ಊಟ ಮುಗಿದು, ಆಯೇರಿ ಓದುವ ಹೊತ್ತು. ಮದುಮಗಳಿಗೆ ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುವುದು ನಮ್ಮ ಕಡೆಯ ಲಗ್ನದ ದೊಡ್ಡ ಗಮ್ಮತ್ತು. ವಾಡೆಯ ಗುಮಾಸ್ತರು ಗಂಟಲು ಸರಿಮಾಡಿಕೊಂಡು ಕೂಗಿದರು. ಹಂಡೆ, ಕೊಪ್ಪರಿಗೆ, ತಿಜೋರಿ, ಫ್ರಿಜ್ಜು, ಮಂಚ. ಒಂದೊಂದಕ್ಕೂ ಬ್ಯಾಂಡಿನವನು ಡಂ ಎನ್ನಿಸುತ್ತಿದ್ದ. ಹೊರಗೆ ಜೀಪು ಕಾಯುತ್ತಿತ್ತು, ಅದರ ಹಿಂದುಗಡೆ ಪಾತ್ರೆಗಳ ಸಂದಿಯಲ್ಲಿ ಶರಣವ್ವ ಆಗಲೇ ಹತ್ತಿ ಕೂತಿದ್ದಳು. "ಇಲ್ಲಿಗೆ ಆಯೇರಿ ಮುಗೀತ್ರಿ" ಎಂದರು ಗುಮಾಸ್ತರು.

"ಮುಗದಿಲ್ರಿ. ಒಂದು ಉಳದದ."

ಭೀಮವ್ವ ಹಂದರದ ನಡುವೆ ನಿಂತಿದ್ದಳು. ಅಂಗೈಗೆ ಅರಿವೆ ಸುತ್ತಿಕೊಂಡಿದ್ದಳು. ಹೆಂಗಸರ ಕಡೆಯಿಂದ ಗಂಡಸರ ಕಡೆಗೆ ಅವಳು ಯಾವಾಗ ದಾಟಿ ಬಂದಳೋ ಯಾರಿಗೂ ತಿಳಿಯದು. ಗುಮಾಸ್ತರು ಗಾಬರಿಯಲ್ಲಿ ಮೈಕು ಬಂದ್ ಮಾಡುವುದನ್ನೇ ಮರೆತರು.

"ಅವ್ವಾರ ಲಗ್ನದಾಗ ಎಲ್ಲಾನೂ ಓದಿದ್ರು. ಹಂಡೆ ಒಂದು, ಕೊಪ್ಪರಿಗಿ ಒಂದು, ಮಂಚ ಒಂದು, ಭೀಮಿ ಅಂಬೊ ಹುಡುಗಿ ಒಂದು. ನಾ ಅಕ್ಕಿ ಚೀಲದ ಮ್ಯಾಲ ಕುಂತು ಕೇಳೀನ್ರಿ. ನನ್ನ ಹೆಸರು ಅಷ್ಟು ಜೋರಾಗಿ ಯಾರೂ ಕರದಿರಲಿಲ್ಲ, ಖುಷಿ ಆಗಿತ್ತು ನನಗ. ಈಗ ಜೀಪಿನಾಗ ಒಂದು ಹುಡುಗಿ ಕುಂತದ. ಅದನ್ಯಾಕ ಓದವಲ್ರಿ? ಓದ್ರಿ. ಬೀಗರೂ ಕೇಳಲಿ. ಓದಾಕ ನಾಚಿಕಿ ಬರತದಂದ್ರ ಕೊಡಬ್ಯಾಡ್ರಿ."

ಗುಮಾಸ್ತರು ಅವ್ವಾರ ಕಡೆ ನೋಡಿದರು, ಅವ್ವಾರು ನೆಲ ನೋಡಿದರು. ಕೊನೆಗೆ ಗಂಡಿನ ಅಪ್ಪ ಎದ್ದು ನಿಂತು, "ನಮಗ ಹುಡುಗಿ ಗಿಡುಗಿ ಏನೂ ಬ್ಯಾಡ್ರಿ" ಎಂದರು. ಅವರಿಗೆ ನಾಚಿಕೆಯಾಯಿತೋ ನೌಕರಿಯ ಭಯವಾಯಿತೋ ನಾನು ಹೇಳಲಾರೆ. ಯಾವುದಾದರೇನು, ಶರಣವ್ವನನ್ನು ಜೀಪಿನಿಂದ ಇಳಿಸಿದರು. ಹುಡುಗಿ ಹಂಡೆಯ ಕಿವಿ ಗಟ್ಟಿಯಾಗಿ ಹಿಡಿದುಕೊಂಡು ಇಳಿಯಲೊಲ್ಲೆ ಎಂದು ಚೀರುತ್ತಿತ್ತು.

ದಿಬ್ಬಣ ಹೋದ ಮೇಲೆ ಅವ್ವಾರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಸಿಟ್ಟಿರಲಿಲ್ಲ, ಅಳು ಬಂದಿತ್ತು. "ನಿನಗೇನ ಕಮ್ಮಿ ಮಾಡಿದ್ನೇ ಭೀಮಿ? ಮನಿ ಮಗಳಂಗ ಇಟ್ಕೊಂಡಿದ್ನಲ್ಲ?"

ಭೀಮವ್ವ ತನ್ನ ಕೈಯ ಬಣ್ಣವಿಲ್ಲದ ಬಳೆಗಳನ್ನು ಒಂದೊಂದಾಗಿ, ಒಡೆಯದ ಹಾಗೆ ತೆಗೆದು ಕಟ್ಟೆಯ ಮೇಲಿಟ್ಟಳು. "ಮಗಳಾಗಿದ್ರ, ನಮ್ಮವ್ವ ಸತ್ತಾಗ ಹಬ್ಬ ಮುಗಿಯೂತನಕ ಕಾಯಿಸ್ತಿದ್ರೇನ್ರಿ?"

ಅವ್ವಾರಿಗೆ ಅದು ನೆನಪೇ ಇರಲಿಲ್ಲ. "ಯಾವ ಹಬ್ಬಾ?" ಎಂದರು.

ಹುಡುಗಿಯನ್ನು ಮನೆಗೆ ಮುಟ್ಟಿಸಬೇಕಿತ್ತು. ಅದರ ಅಪ್ಪ ಗಲಾಟೆಯಲ್ಲೇ ಕಾಲ್ತೆಗೆದಿದ್ದ. "ಬಾನು, ನೀ ಜೊತಿಗೆ ಹೋಗು" ಎಂದಳು ಅಮ್ಮಿ. ಟೆಂಪೋದಲ್ಲಿ ಮೂವರೂ ಕೂತೆವು. ಹುಡುಗಿ ನನಗೆ ಆತುಕೊಂಡು ಬಿಕ್ಕುತ್ತಿತ್ತು, ಭೀಮವ್ವ ಮುಟ್ಟಲು ಹೋದರೆ ಕೈ ಕೊಡವುತ್ತಿತ್ತು. ಸುರಪುರದ ಗುಡ್ಡ ಕಂಡ ಕೂಡಲೇ ಭೀಮವ್ವ ಸೆರಗು ಸರಿಮಾಡಿಕೊಂಡಳು. "ಇಲ್ಲಿಂದ ನಮ್ಮೂರಿನ ಗಾಳಿ ಬೀಸತದ ನೋಡ" ಎಂದಳು. ಸುರಪುರ ದಾಟಿದ ಮೇಲೆ ಹೊಲ, ಹಳ್ಳ, ಬೇವಿನಮರ ಎಲ್ಲದಕ್ಕೂ ಹೆಸರು ಹೇಳುತ್ತಾ ಬಂದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲೇ ಇಲ್ಲ. ತಟ್ಟೆ ಹೊರದೆ, ಯಾರ ಹಿಂದೆಯೂ ಅಲ್ಲದೆ, ಅವಳು ತವರಿಗೆ ಹೋಗುತ್ತಿದ್ದದ್ದು ಅದೇ ಮೊದಲು.

ಮನೆ ಮುಂದೆ ಅಳಿಯನ ಹೆಂಡತಿ ತೊಗರಿ ಕೇರುತ್ತಿದ್ದಳು. ಇವಳನ್ನು ನೋಡಿ ಧಡಕ್ಕನೆ ಎದ್ದು, ತಲೆ ಮೇಲೆ ಸೆರಗು ಹೊದ್ದು, ಬದಿಗೆ ಸರಿದು ನಿಂತಳು. "ಅವ್ವಾರು ಏನ್ ಹೇಳಿ ಕಳಿಸ್ಯಾರ್ರಿ?"

"ಯಾರೂ ಕಳಿಸಿಲ್ಲವಾ. ನಾನಾ ಬಂದೀನಿ."

ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಒಂದು ಚೀಲ ತೊಗರಿ ತಂದು ಮುಂದಿಟ್ಟಳು. "ಹೊಸ ತೊಗರಿ, ಅವ್ವಾರಿಗೆ ಮುಟ್ಟಸ್ರಿ." ಆ ಮನೆಯಲ್ಲಿ ಭೀಮವ್ವ ಎಂದರೆ ವಾಡೆಯಿಂದ ಬರುವ ಮಾತು, ವಾಡೆಗೆ ಹೋಗುವ ಚೀಲ. ಕೂತ್ಕೋ ಎನ್ನಲು ಆ ಹೆಣ್ಣುಮಗಳಿಗೆ ಹೊಳೆಯಲೇ ಇಲ್ಲ. ಭೀಮವ್ವ ಕಟ್ಟೆಯ ಹತ್ತಿರ ನಿಂತೇ ಇದ್ದಳು. ನಾನೇ, "ಮಗಳು ತವರಿಗೆ ಬಂದಾಳ, ಕಾಲಿಗೆ ನೀರು ಕೊಡ್ರಿ" ಎಂದು ಒದರಿದೆ. ಅಷ್ಟರಲ್ಲಿ ಅಳಿಯ ಬಂದ. ಮಗಳ ರಟ್ಟೆ ಹಿಡಿದು ಒಳಗೆ ತಳ್ಳಿದ.

"ಏನ್ ಮಾಡಿದಿ ಅತ್ತಿ? ನಾಳಿಗೆ ಧಣ್ಯಾರು ಹೊಲ ಬಿಡು ಅಂದ್ರ ಎಲ್ಲಿಗೆ ಹೋಗ್ಲಿ? ಆರಾಮ ಅದೀನಿ ಅಂತ ನೀನಾ ಹೇಳ್ತಿದ್ದಿ!"

"ಸುಳ್ಳು ಹೇಳ್ತಿದ್ದೆಪಾ" ಎಂದಳು ಭೀಮವ್ವ.

ಅವನು ಬಾಗಿಲು ಹಾಕಿಕೊಂಡ. ಜೋರಾಗಿಯೂ ಅಲ್ಲ, ದಿನಾ ಸಂಜೆ ಹಾಕಿಕೊಳ್ಳುವ ಹಾಗೆ ಹಾಕಿಕೊಂಡ. ಭೀಮವ್ವ ಕೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದಳು. ಬರುವ ದಾರಿಯಲ್ಲಿ ಯಾವ ಮರದ ಹೆಸರನ್ನೂ ಹೇಳಲಿಲ್ಲ.

ಆ ಬೇಸಿಗೆ ಅವಳು ನಮ್ಮ ಮನೆಯಲ್ಲಿದ್ದಳು. ಶಹಾಪುರದ ಬಿಸಿಲು ಗೊತ್ತಲ್ಲ, ಚೈತ್ರಕ್ಕೇ ಗೋಡೆ ಮುಟ್ಟಿದರೆ ಸುಡುತ್ತದೆ. ತಟ್ಟಿಗೆ ನೀರು ಚಿಮುಕಿಸಿ, ಅದರ ನೆರಳಲ್ಲಿ ಕೂತು ನಮ್ಮ ಬಳೆಗಳನ್ನು ಅಳತೆ ಪ್ರಕಾರ ಆರಿಸಿ ಕಟ್ಟುತ್ತಿದ್ದಳು. ಯಾರಾದರೂ ಬಾಗಿಲಲ್ಲಿ ಕೆಮ್ಮಿದರೆ ಸಾಕು, "ಬಂದೇನ್ರಿ" ಎಂದು ಎದ್ದುಬಿಡುತ್ತಿದ್ದಳು. "ಕೂತ್ಕೋ ಭೀಮವ್ವಾ, ನಿನ್ನ ಯಾರೂ ಕರೀಲಿಲ್ಲ" ಎಂದು ಅಮ್ಮಿ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ. ಮಂಚ ಕೊಟ್ಟರೆ ನಿದ್ದೆ ಬಾರದೆ, ಅಮ್ಮಿಯ ಕಾಲ್ದೆಸೆಗೆ ಬಂದು ಚಾಪೆ ಹಾಸಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಅದು.

ಸುದ್ದಿ ಹಬ್ಬಿತು. ಮಹಿಳಾ ಸಂಘದ ಹೆಂಗಸರು ಬಂದು, "ನಮ್ಮೂರಾಗೂ ಬಂದು ಹೇಳವ್ವ" ಎಂದು ಕರೆದರು. ಇನ್ನೂ ಎರಡು ಮೂರು ಮನೆತನಗಳಲ್ಲಿ ಅಂಥ ಹುಡುಗಿಯರಿದ್ದರು. ಭೀಮವ್ವನಿಗೆ ಭಾಷಣ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ನಿಂತು ತನ್ನ ಆಯೇರಿಯನ್ನೇ ಓದುತ್ತಿದ್ದಳು. ಹಂಡೆ ಒಂದು, ಕೊಪ್ಪರಿಗಿ ಒಂದು, ಮಂಚ ಒಂದು, ಭೀಮಿ ಒಂದು. "ಹಂಡೆ ಸೋರಿದ್ರ ಕಲಾಯಿ ಮಾಡಸ್ತಿದ್ರವ್ವಾ" ಎಂದು ನಿಲ್ಲಿಸುತ್ತಿದ್ದಳು. ಒಂದು ಊರಲ್ಲಿ ಅವಳು ಹೇಳುತ್ತಿರುವಾಗಲೇ ಒಬ್ಬ ತಾಯಿ ಎದ್ದು ಹೋದಳು. ಸಿಟ್ಟಾದಳೇನೋ ಎಂದುಕೊಂಡೆವು. ಸೀದಾ ದೊಡ್ಡ ಮನೆಗೆ ಹೋಗಿ, ಪಾತ್ರೆ ತಿಕ್ಕುತ್ತಿದ್ದ ತನ್ನ ಮಗಳನ್ನು ಬೂದಿ ಹತ್ತಿದ ಕೈಯಲ್ಲೇ ಎಳೆದುಕೊಂಡು ಬಂದಳು.

ಯಾವುದೋ ಕಚೇರಿಯ ಸಾಹೇಬರೊಬ್ಬರು ವಿಚಾರಣೆಗೆ ಬಂದರು. "ಹೊಡದಾರೇನು?" ಎಂದು ಕೇಳಿದರು. ಇಲ್ರಿ ಎಂದಳು. "ಊಟಕ್ಕ ಕೊಟ್ಟಿಲ್ಲೇನು?" ಕೊಟ್ಟಾರ್ರಿ ಎಂದಳು. "ಮತ್ತೇನು ತಕರಾರು ನಿಂದು?" "ಹಂಡೇನೂ ಯಾರೂ ಹೊಡಿಯೂದಿಲ್ರಿ ಸಾಹೇಬ್ರ" ಎಂದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

ಅವಳ ಕೈ ಮಾತ್ರ ಬೋಳಾಗಿಯೇ ಇತ್ತು. ಬಳೆಗಾರರ ಮನೆಯಲ್ಲಿದ್ದು ಬೋಳುಗೈ! ಅಮ್ಮಿ ಎಷ್ಟೋ ಸಲ ಹಸಿರು ಬಳೆ ಹಿಡಿದು ಕರೆದಳು. "ನಕ್ಕೋ ಬಾಯಿ", ಬೇಡ ತಾಯಿ, ಎಂದು ನಮ್ಮದೇ ದಖನಿಯಲ್ಲಿ ತಮಾಷೆ ಮಾಡಿ ಕೈ ಹಿಂದೆ ಎಳೆದುಕೊಳ್ಳುತ್ತಿದ್ದಳು. "ತವರಿನ ಜ್ವಾಳ ಬರಲಿ, ಇಡಸ್ಕೋತೀನಿ. ಕೂಸು ಮನ್ಯಾಗದ. ಇಂದಲ್ಲ ನಾಳೆ ಅವರಿಗೆ ತಿಳೀತದ." ಸುರಪುರದ ಕಡೆಯ ಟೆಂಪೋ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಅವಳಿಗೆ ಬಾಗಿಲಲ್ಲಿ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ಇಳಿದವರ ಕೈಯಲ್ಲಿ ಗಂಟು ಕಂಡರೆ ಅದು ಮುಂದಿನ ಓಣಿಗೆ ತಿರುಗುವ ತನಕ ನೋಡುತ್ತಿದ್ದಳು. ನಾನೇ ಒಂದು ಸೇರು ಜೋಳ ಕೊಂಡು ತಂದು ನಿಮ್ಮವರು ಕಳಿಸಿದ್ದು ಎಂದುಬಿಡಲೇ ಎಂದು ಅಮ್ಮಿಯನ್ನು ಕೇಳಿದೆ. "ಅವತ್ತು ಕೂಸಿಗಾಗಿ ಒಂದು ಸುಳ್ಳು ಹೇಳ್ದೆ ಬೇಟಿ, ಅದು ನಡೀತು. ಇದು ನಡಿಯೂದಿಲ್ಲ. ತವರಿನ ಜೋಳ ಯಾವುದು ಅಂತ ಅಕಿಗೆ ಗೊತ್ತಾಗ್ತದ" ಎಂದಳು.

ಮಿರಗದ, ಎಂದರೆ ಮೃಗಶಿರೆಯ, ಮೊದಲ ಮಳೆ ಬಂದ ದಿನ ಅವಳಿಗೆ ಜ್ವರ ಏರಿತು. ಆಸ್ಪತ್ರೆಗೆ ಒಯ್ದೆವು, ಎದೆಯಲ್ಲಿ ನೀರು ತುಂಬಿದೆ ಎಂದರು. ಹೊರಗೆ ಕಾದ ನೆಲಕ್ಕೆ ಮಳೆ ಬಿದ್ದು ಏಳುವ ಘಮ ವಾರ್ಡಿನ ಒಳತನಕ ಬರುತ್ತಿತ್ತು. ನರ್ಸಮ್ಮ ಯಾರನ್ನೋ ಕೂಗಿದಳು. ಭೀಮವ್ವ ಕಣ್ಣು ತೆರೆಯದೆಯೇ "ಬಂದೇನ್ರಿ" ಎಂದು ಏಳಲು ಹೋದಳು. ನಾನು ಭುಜ ಹಿಡಿದು ಮಲಗಿಸಿದೆ. ಅದೇ ಅವಳ ಕೊನೆಯ ಮಾತು.

ತವರಿಗೆ ಹೇಳಿ ಕಳಿಸಿದೆವು, ಬಿತ್ತನೆಯ ಕಾಲ ಎಂದು ಯಾರೂ ಬರಲಿಲ್ಲ. ಅವ್ವಾರು ಒಂದು ಇಳಕಲ್ ಸೀರೆ ಕಳಿಸಿದರು, ಹೊಸದು. ಸಂಘದ ಹೆಂಗಸರು ಅದನ್ನು ಹೊದಿಸಲು ಒಪ್ಪಲಿಲ್ಲ, ತಾವೇ ಒಂದು ತಂದರು. ಅಮ್ಮಿ ಹಸಿರು ಬಳೆಯ ಕಟ್ಟು ಹಿಡಿದುಕೊಂಡು ಹೆಣ ಎತ್ತುವ ತನಕ ಬಾಗಿಲಲ್ಲಿ ನಿಂತಿದ್ದಳು. ಇಡಲಿಲ್ಲ. ತವರಿನ ಜೋಳ ಬರುವ ತನಕ ಬೇಡ ಎಂದಿದ್ದವಳ ಮಾತನ್ನು ಅಮ್ಮಿ ಮೀರಲಿಲ್ಲ. ಭೀಮವ್ವ ಬೋಳುಗೈಯಲ್ಲೇ ಹೋದಳು.

ಈಗ ಅಮ್ಮಿಯೂ ಇಲ್ಲ, ಅವ್ವಾರೂ ಇಲ್ಲ. ತವರಿನ ಬಳೆಯ ರಿವಾಜೂ ಇಲ್ಲ, ಫೋನಿನಲ್ಲಿ ಮುಖ ನೋಡಿಕೊಂಡರೆ ಮುಗಿಯಿತು. ಹೋದ ಪಂಚಮಿಯಲ್ಲಿ ಆ ಮರದ ಪೆಟ್ಟಿಗೆ ಬಂದ ವಾರವೇ ಒಬ್ಬ ಹೆಣ್ಣುಮಗಳು ಸಣ್ಣ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಸೈದಾಪುರದಲ್ಲಿ ಮನೆ, ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಹಬ್ಬಕ್ಕೆ ತವರಿಗೆ ಹೊರಟಿದ್ದೇನೆ ಎಂದಳು. ಮಗಳಿಗೆ ಗಾಜಿನ ಬಳೆ ಇಡುತ್ತ, ನಿನಗೂ ಇಡಲೇನವ್ವ ಎಂದೆ.

"ನನಗ ಬ್ಯಾಡ್ರಿ ಬಾನಕ್ಕ, ಗಾಜಿನ ಬಳಿ ಅಂದ್ರ ಎದಿ ಝಲ್ ಅಂತದ. ಸಣ್ಣಾಕಿದ್ದಾಗ ಯಾವ್ದೋ ಲಗ್ನದ ಮನ್ಯಾಗ ಒಬ್ಬ ಹುಚ್ಚ ಮುದುಕಿ ನನ್ನ ಕೈಯಾಗಿನ ಬಳಿ ಒಡದು ಹಾಕಿದ್ಲು. ನನ್ನ ಮೊದಲನೇ ಬಳಿ ಅವು. ಆಮ್ಯಾಲ ಅಳಕೋತ ಮನಿಗೆ ಬಂದದ್ದಷ್ಟಾ ನೆನಪದ."

ಅವಳ ಮುಂಗೈ ತಿರುಗಿಸಿ ನೋಡಿದೆ. ಅಕ್ಕಿಕಾಳಿನಷ್ಟು ಉದ್ದದ ಬಿಳಿ ಗೆರೆ ಇತ್ತು.

"ಹುಚ್ಚಿ ಅಲ್ಲವಾ, ಭೀಮವ್ವ ಅಂತ. ನಿಮ್ಮ ಅಜ್ಜನ ಅಕ್ಕ."

ಶರಣವ್ವ ನಕ್ಕಳು. "ನಮ್ಮ ಅಜ್ಜಗ ಅಕ್ಕ ಇದ್ದಿಲ್ರಿ. ನಮ್ಮ ಮನ್ಯಾಗ ಯಾರೂ ಹೇಳೇ ಇಲ್ಲ."

ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಬಳೆ ಒಡೆಯಬೇಕಿತ್ತು. ಭೀಮವ್ವನನ್ನು ಕೊಟ್ಟವರೇ ಅವಳನ್ನು ಅಳಿಸಿಯೂ ಹಾಕಿದ್ದರು. ಅಂಗಡಿಯ ಬಾಗಿಲು ಅರ್ಧ ಎಳೆದು, ಶರಣವ್ವನನ್ನು ಕೂರಿಸಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಆಯೇರಿಯ ಮಾತು ಬಂದಾಗ ಅವಳು ತನ್ನ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಟೆಂಪೋ ನೋಡುತ್ತ ನಿಲ್ಲುತ್ತಿದ್ದುದನ್ನು ಹೇಳಿದಾಗ ಎದ್ದು ನಿಂತಳು. ಮಗಳ ಕೈ ಹಿಡಿದು ಹೊರಟುಹೋದಳು. ನನಗೇಕೆ ಬೇಕಿತ್ತು ಈ ಉಸಾಬರಿ, ಹಬ್ಬಕ್ಕೆ ಹೊರಟ ಹುಡುಗಿಯನ್ನು ಅಳಿಸಿದೆನಲ್ಲ ಎಂದುಕೊಂಡೆ.

ಈ ವರ್ಷ ಬಿಳಿಜೋಳದ ರಾಶಿ ಮುಗಿದ ಮೇಲೆ ಮತ್ತೆ ಬಂದಳು, ಒಬ್ಬಳೇ. ಕೈಯಲ್ಲಿ ಬಟ್ಟೆಯ ಗಂಟಿತ್ತು. ಕಟ್ಟೆಯ ಮೇಲೆ ಇಟ್ಟು ಬಿಚ್ಚಿದಳು. ಒಂದು ಸೇರು ಜೋಳ.

"ನಮ್ಮಪ್ಪನ ಹೊಲದ್ದು" ಎಂದಳು. "ಅಪ್ಪನ ಜೋಡಿ ಜಗಳ ಆಡಿ ತಂದೀನಿ. ನಮ್ಮ ಹುಡುಗಿಗೆ ಬಳಿ ಇಡ್ರಿ ಬಾನಕ್ಕ."

ನಮ್ಮ ಹುಡುಗಿಗೆ. ತಾಯಂದಿರು ಅಮ್ಮಿಗೆ ಹೇಳುತ್ತಿದ್ದ ಅದೇ ಮಾತು. ಅದನ್ನು ಇವಳಿಗೆ ಹೇಳಿಕೊಟ್ಟವಳು ನಾನೇ. ಆದರೂ ಅವಳ ಬಾಯಿಂದ ಬಂದಾಗ ನನ್ನಿಂದ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ.

"ಯಾರ ಕೈಗೆ ಇಡ್ಲೆವ್ವಾ?" ಎಂದೆ.

ಅವಳು ಜೋಳದ ಗಂಟನ್ನು ನನ್ನ ಕಡೆಗೆ ಸರಿಸಿದಳು. ನಾನು ರಿವಾಜಿನ ಪ್ರಕಾರ ಜೋಳ ಅಳೆದು ಒಳಗಿಟ್ಟೆ. ಹುಲ್ಲಿನ ಪೆಟ್ಟಿಗೆಯ ಹಸಿರು ಬಳೆಯಲ್ಲಿ ಭೀಮವ್ವನ ಅಳತೆಯದನ್ನು ಆರಿಸಿ, ದಾರ ಕಟ್ಟಿ, ಅಂಗಡಿಯ ಗೂಟಕ್ಕೆ ತೂಗುಹಾಕಿದೆ. ಬಜಾರಿನವರೆಲ್ಲ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ, "ತವರಿನ ಬಳಿ ಬಂದಾವ" ಎಂದೆ.

ಈಗಲೂ ಅವು ಅಲ್ಲೇ ಇವೆ. ಗಾಳಿ ಬಂದರೆ ಕಿಣಿ ಎನ್ನುತ್ತವೆ. ಗಿರಾಕಿಗಳು ಅವನ್ನೇ ಬೊಟ್ಟು ಮಾಡಿ, "ಆ ಹಸರ ಬಳಿ ಎಷ್ಟ್ರಿ?" ಎಂದು ಕೇಳುತ್ತಾರೆ.

"ಅವು ಮಾರೂವು ಅಲ್ಲವ್ವಾ" ಎನ್ನುತ್ತೇನೆ. "ಅವುಕ್ಕ ಜ್ವಾಳ ಬಂದಾವ."